ಜಾಹೀರಾತು ನಿಂತರೆ ಸಾಲದು: ದೊಡ್ಡವ್ವನ ಫೋನ್ ಶುಚಿ ಮಾಡಿದ ಕೆಲಸದ ಟಿಪ್ಪಣಿ

ಕೆಲಸಕ್ಕೆ ಬಂದ ಫೋನ್: ಆಂಡ್ರಾಯ್ಡ್ 13, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಬಳಸುವವರು ಮಂಡ್ಯದ ನಮ್ಮ ದೊಡ್ಡವ್ವ. ಸಂಜೆ ಹೊತ್ತು ಅದೇ ಫೋನು ಮೊಮ್ಮಗನ ಕೈಗೆ ಹೋಗುತ್ತದೆ.

ದೂರು: ಎಲ್ಲಿ ಮುಟ್ಟಿದರೂ ಮಂಡಿನೋವಿನ ಎಣ್ಣೆ, ಆಪರೇಷನ್ ಇಲ್ಲದೆ ವಾಸಿ, ದಾಖಲೆ ಇಲ್ಲದೆ ಸಾಲ. ಫೋನಿನ ಬೀಗದ ಪರದೆಯ ಮೇಲೂ ಅವೇ.

ಸಲಕರಣೆ: ಚಾರ್ಜರ್, ಮೈಸೂರಿನ ನಮ್ಮ ಮನೆಯ ವೈಫೈ, ಒಂದು ನೋಟ್‌ಬುಕ್, ಪಕ್ಕದಲ್ಲಿ ಕೂತ ದೊಡ್ಡವ್ವ. ಅವರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಯಾವ ಆ್ಯಪ್ ಅವರಿಗೆ ಬೇಕು, ಯಾವುದು ಯಾರೋ ಹಾಕಿಕೊಟ್ಟು ಮರೆತದ್ದು ಎಂದು ಹೇಳಬಲ್ಲವರು ಅವರೊಬ್ಬರೇ.

ಖರ್ಚು: ಒಂದು ರೂಪಾಯಿಯೂ ಇಲ್ಲ. ಸಮಯ: ಒಂದು ಶನಿವಾರದಿಂದ ಶುರುವಾಗಿ ಕೆಲವು ದಿನ. ಆಮೇಲೆ ಕೆಲವು ವಾರ ಗಮನಿಸಿದ್ದು.

ಹಂತ 1: ಡಿಎನ್‌ಎಸ್ ಹಾಕಿದ್ದು, ತೆಗೆದದ್ದು

ಎಲ್ಲರೂ ಹೇಳುವ ಸುಲಭದ ದಾರಿಯಿಂದಲೇ ಶುರು ಮಾಡಿದೆ. ಡಿಎನ್‌ಎಸ್ ಅಂದರೆ ತಾಣದ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಹೇಳುವ ಸೇವೆ. ಆಂಡ್ರಾಯ್ಡ್ 9ರಿಂದ ಈಚೆಗೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ವಿಭಾಗದಲ್ಲಿ ‘ಪ್ರೈವೇಟ್ ಡಿಎನ್‌ಎಸ್’ ಎಂಬ ಆಯ್ಕೆ ಇದೆ. ಅಲ್ಲಿ ಜಾಹೀರಾತು ತಡೆಯುವ ಸರ್ವರಿನ ಹೆಸರು ಕೊಟ್ಟರೆ, ಜಾಹೀರಾತು ಕಂಪನಿಗಳ ವಿಳಾಸ ಕೇಳಿದ ಆ್ಯಪ್‌ಗೆ ‘ಅಂಥದ್ದಿಲ್ಲ’ ಎಂಬ ಉತ್ತರ ಹೋಗುತ್ತದೆ. ನಾನು ಆ್ಯಡ್‌ಗಾರ್ಡ್ ಎಂಬ ಕಂಪನಿಯ ಅಂಥ ಸರ್ವರ್ ಹಾಕಿದೆ. ಐದೇ ನಿಮಿಷದಲ್ಲಿ ಸುದ್ದಿ ತಾಣಗಳು ಸ್ವಚ್ಛ. ದೊಡ್ಡವ್ವನಿಗೂ ಖುಷಿ.

ಮಾರನೆಯ ಬೆಳಗ್ಗೆ ಯೂಟ್ಯೂಬ್ ತೆರೆದರೆ ಮತ್ತೆ ಮಂಡಿ ಎಣ್ಣೆ. ಹೋಮ್ ಪರದೆಯ ಎಡಕ್ಕೆ ಸರಿಸಿದರೆ ಬರುವ ಸುದ್ದಿಯ ಸಾಲಿನಲ್ಲೂ ಮಂಡಿಯದೇ ಲೇಖನ. ಯೂಟ್ಯೂಬಿನಲ್ಲಿ ವಿಡಿಯೊ ಬರುವ ಕಡೆಯಿಂದಲೇ ಜಾಹೀರಾತೂ ಬರುವುದರಿಂದ ಡಿಎನ್‌ಎಸ್‌ಗೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಜಾಹೀರಾತು ಕಣ್ಣಿಗೆ ಬೀಳದಿದ್ದರೆ ಕೆಲಸ ಮುಗಿಯಿತು ಅನಿಸಿಬಿಡುತ್ತದೆ. ಮಾಹಿತಿ ಹೋಗುವುದು ಮಾತ್ರ ನಿಂತಿರುವುದಿಲ್ಲ. ನಾಲೆಯ ಒಂದು ತೂಬು ಮುಚ್ಚಿದರೆ ನೀರು ಇನ್ನೊಂದು ತೂಬಿನಲ್ಲಿ ಹರಿಯುತ್ತದೆ, ಅಷ್ಟೇ. ಯಾವ ಆ್ಯಪ್ ಏನು ಕಳಿಸುತ್ತಿದೆ ಎಂದು ನೋಡುವ ಮೊದಲೇ ಜಾಹೀರಾತಿಗೆ ತಡೆ ಹಾಕಿದರೆ ಕಳ್ಳದಾರಿ ಯಾವುದೆಂದು ತಿಳಿಯುವುದೂ ಕಷ್ಟ. ಆದ್ದರಿಂದ ಡಿಎನ್‌ಎಸ್ ತೆಗೆದು ಮೊದಲಿನಿಂದ ಶುರು ಮಾಡಿದೆ. ಮೊದಲು ಆ್ಯಪ್, ಆಮೇಲೆ ಪರ್ಮಿಷನ್, ಆಮೇಲೆ ಖಾತೆ, ಕೊನೆಗೆ ಡಿಎನ್‌ಎಸ್. ಈ ಟಿಪ್ಪಣಿ ಬರೆಯುತ್ತಿರುವುದೇ ಈ ಅನುಕ್ರಮ ಹೇಳುವುದಕ್ಕೆ.

ಹಂತ 2: ಏನು ಹೋಗುತ್ತಿದೆ ಎಂದು ನೋಡಿದ್ದು

ಎರಡು ಸಾಧನ ಬಳಸಿದೆ. ಮೊದಲನೆಯದು ಎಕ್ಸೋಡಸ್. ಫ್ರಾನ್ಸಿನ ಲಾಭರಹಿತ ಸಂಸ್ಥೆಯೊಂದು ಮಾಡಿದ ಆ್ಯಪ್. ಫೋನಿನಲ್ಲಿರುವ ಒಂದೊಂದು ಆ್ಯಪ್‌ನ ಒಳಗೆ ಯಾವ ಯಾವ ಟ್ರ್ಯಾಕರ್ (ನಮ್ಮ ಚಟುವಟಿಕೆಯನ್ನು ಬೇರೆ ಕಂಪನಿಗೆ ತಿಳಿಸುವ ತುಣುಕು) ಸೇರಿಕೊಂಡಿದೆ, ಅದು ಯಾವ ಪರ್ಮಿಷನ್ ಕೇಳುತ್ತದೆ ಎಂದು ಪಟ್ಟಿ ತೋರಿಸುತ್ತದೆ. ಎರಡನೆಯದು ಡಕ್‌ಡಕ್‌ಗೋ ಬ್ರೌಸರಿನಲ್ಲಿರುವ ‘ಆ್ಯಪ್ ಟ್ರ್ಯಾಕಿಂಗ್ ಪ್ರೊಟೆಕ್ಷನ್’. ಇದು ಫೋನಿನ ಒಳಗೇ ವಿಪಿಎನ್ (ಹೊರಹೋಗುವ ಮಾಹಿತಿಯೆಲ್ಲ ಹಾದುಹೋಗುವ ನಡುದಾರಿ) ರೂಪದಲ್ಲಿ ಕೂತು, ಯಾವ ಆ್ಯಪ್ ಯಾವ ಕಂಪನಿಗೆ ಮಾಹಿತಿ ಕಳಿಸಲು ಹೊರಟಿತು ಎಂದು ಬರೆದಿಡುತ್ತದೆ, ತಡೆಯುತ್ತದೆ.

ಇದನ್ನು ರಾತ್ರಿ ಆನ್ ಮಾಡಿ ಫೋನನ್ನು ಮೇಜಿನ ಮೇಲಿಟ್ಟೆವು. ಯಾರೂ ಮುಟ್ಟಲಿಲ್ಲ. ಬೆಳಗ್ಗೆ ನೋಡಿದರೆ ಮೊಮ್ಮಗನ ಆಟಗಳು, ಒಂದು ಟಾರ್ಚ್ ಆ್ಯಪ್, ಒಂದು ಪಂಚಾಂಗದ ಆ್ಯಪ್ ರಾತ್ರಿಯಿಡೀ ಹೊರಗಿನ ಕಂಪನಿಗಳಿಗೆ ಮಾಹಿತಿ ಕಳಿಸಲು ನೋಡಿದ್ದವು. ದೊಡ್ಡವ್ವ ಆ ಪಟ್ಟಿಯನ್ನು ಬಹಳ ಹೊತ್ತು ನೋಡಿದರು. “ನಾನು ಮಲ್ಗಿದ್ರೂವೆ ಇವು ಮಲ್ಗಕಿಲ್ವಾ?” ಎಂದರು. ಅಲ್ಲಿಂದ ಮುಂದೆ ಯಾವ ಆ್ಯಪ್ ತೆಗೆಯಲೂ ಅವರು ತಕರಾರು ಮಾಡಲಿಲ್ಲ. ಹಿರಿಯರ ಫೋನ್ ಸರಿಮಾಡುವವರು ಈ ಹಂತವನ್ನು ಬಿಡಬೇಡಿ. ಬಾಯಲ್ಲಿ ಎಷ್ಟು ಹೇಳಿದರೂ ಬಾರದ ನಂಬಿಕೆ ಆ ಪಟ್ಟಿ ಕಂಡರೆ ಬರುತ್ತದೆ.

ತೊಡಕು: ವಿಪಿಎನ್ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಆ್ಯಪ್ ಕೂರಬಹುದು. ಅವರ ಬ್ಯಾಂಕಿನ ಆ್ಯಪ್ ವಿಪಿಎನ್ ಕಂಡೊಡನೆ ತೆರೆಯಲು ಒಪ್ಪಲಿಲ್ಲ. ಬ್ಯಾಂಕಿನ ಆ್ಯಪ್ ಒಂದನ್ನು ವಿಪಿಎನ್‌ನಿಂದ ಹೊರಗಿಟ್ಟರೂ ಅದು ಕೇಳಲಿಲ್ಲ. ಪಿಂಚಣಿ ನೋಡುವ ಆ್ಯಪ್ ಅದು, ಬಿಡುವ ಹಾಗಿಲ್ಲ. ಹಾಗಾಗಿ ಡಕ್‌ಡಕ್‌ಗೋವನ್ನು ಅಳತೆಗೆ ಮಾತ್ರ ಬಳಸಿ, ಕೆಲಸ ಮುಗಿದ ಮೇಲೆ ಆಫ್ ಮಾಡಿದೆ.

ಹಂತ 3: ಆ್ಯಪ್ ತೆಗೆದದ್ದು

ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಸೆಟ್ಟಿಂಗ್ ಬದಲಿಸಿದ ಆ್ಯಪ್ ನಾಳೆ ಮತ್ತೆ ಕೇಳಬಹುದು. ಇಲ್ಲದ ಆ್ಯಪ್ ಏನನ್ನೂ ಕೇಳುವುದಿಲ್ಲ.

ಟಾರ್ಚ್: ಫೋನಿನಲ್ಲೇ ಟಾರ್ಚ್ ಇರುವಾಗ ಇನ್ನೊಂದು ಬೇಡ. ಟಾರ್ಚ್ ಆ್ಯಪ್‌ಗೆ ಲೊಕೇಶನ್ ಯಾಕೆ ಬೇಕು ಎಂಬ ಪ್ರಶ್ನೆ ಹಳೆಯದು. 2013ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಜಾಗದ ಮಾಹಿತಿಯನ್ನು ಜಾಹೀರಾತು ಜಾಲಗಳಿಗೆ ದಾಟಿಸುತ್ತಿದ್ದ ಒಂದು ಟಾರ್ಚ್ ಆ್ಯಪ್‌ನವರ ಮೇಲೆ ಕ್ರಮ ತೆಗೆದುಕೊಂಡಿತ್ತು.

ಪಂಚಾಂಗ: ಮನೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ ಇದೆ. ಆ್ಯಪ್ ತೆಗೆದೆವು.

ಕಟ್ಟೆಯ ನೀರಿನ ಮಟ್ಟ: ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆಯಲ್ಲಿ ಎಷ್ಟಡಿ ನೀರಿದೆ ಎಂಬುದು ಮನೆಯ ಲೆಕ್ಕವಿದ್ದ ಹಾಗೆ. 124.80 ಅಡಿ ತುಂಬಿತೇ ಇಲ್ಲವೇ ಎನ್ನುವುದರ ಮೇಲೆ ಭತ್ತದ ನಾಟಿ ನಿಂತಿದೆ. ಅದಕ್ಕೆಂದೇ ಯಾರೋ ಹಾಕಿಕೊಟ್ಟ ಒಂದು ಆ್ಯಪ್ ಇತ್ತು. ಒಂದು ಅಂಕಿ ತೋರಿಸಲು ಅದು ಕಾಂಟ್ಯಾಕ್ಟ್ಸ್ ಮತ್ತು ಲೊಕೇಶನ್ ಕೇಳಿ ಪಡೆದಿತ್ತು. ಅದೇ ಅಂಕಿ ದಿನವೂ ಪೇಪರಿನಲ್ಲಿ ಬರುತ್ತದೆ. ತೆಗೆದೆವು.

ಪಹಣಿ: ಇದನ್ನು ರೈತರ ಮನೆಯವರೆಲ್ಲ ಗಮನಿಸಬೇಕು. ಪಹಣಿ ತೋರಿಸುತ್ತೇವೆ ಎನ್ನುವ ಖಾಸಗಿ ಆ್ಯಪ್‌ಗಳಲ್ಲಿ ಹಲವು ಸರ್ಕಾರದ ‘ಭೂಮಿ’ ಎಂಬ ತಾಣವನ್ನೇ ತಮ್ಮ ಚೌಕಟ್ಟಿನೊಳಗೆ ತೆರೆದು, ಸುತ್ತ ಜಾಹೀರಾತು ಕೂರಿಸಿರುತ್ತವೆ. ಯಾವ ಹೋಬಳಿ, ಯಾವ ಊರು, ಯಾವ ಸರ್ವೆ ನಂಬರ್ ಎಂದು ನಾವು ಒತ್ತುವುದೆಲ್ಲ ನಡುವಿನವರ ಕಣ್ಣೆದುರೇ ಆಗುತ್ತದೆ. ಜಮೀನು ಇರುವವರೆಂದು ತಿಳಿದ ಮೇಲೆ ಸಾಲದ ಜಾಹೀರಾತು ಬೆನ್ನುಹತ್ತಿದರೆ ಆಶ್ಚರ್ಯವೇನು? ಆ ಆ್ಯಪ್ ತೆಗೆದು, ಬ್ರೌಸರಿನಲ್ಲಿ ಭೂಮಿಯ ಸರ್ಕಾರಿ ತಾಣವನ್ನೇ ತೆರೆದು ಹೋಮ್ ಪರದೆಗೆ ಶಾರ್ಟ್‌ಕಟ್ ಹಾಕಿದೆ. ದೊಡ್ಡವ್ವನ ಮಗ ಬಳಸುವ ದಿಶಾಂಕ್ ಹಾಗೇ ಉಳಿಯಿತು. ಅದು ಸರ್ಕಾರದ್ದೇ ಆ್ಯಪ್, ನಿಂತ ಜಾಗದ ಸರ್ವೆ ನಂಬರ್ ಹೇಳಲು ಅದಕ್ಕೆ ಲೊಕೇಶನ್ ನಿಜವಾಗಿ ಬೇಕು.

ಆಟಗಳು: ಮೊಮ್ಮಗನ ಜೊತೆ ಕೂತು ಮಾತಾಡಿ ತೆಗೆದೆವು. ಬದಲಿಗೆ ಲಿಚೆಸ್ ಹಾಕಿದೆ. ಚದುರಂಗದ ಈ ಆ್ಯಪ್‌ನಲ್ಲಿ ಜಾಹೀರಾತೂ ಇಲ್ಲ, ದುಡ್ಡೂ ಕೇಳುವುದಿಲ್ಲ. ಮಕ್ಕಳ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್, 18 ತುಂಬದ ಮಕ್ಕಳ ಬೆನ್ನುಹತ್ತಿ ನಿಗಾ ಇಡುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ಬೇಡ ಎನ್ನುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಅಲ್ಲಿಯವರೆಗೆ ಮಕ್ಕಳನ್ನು ಕಾಯುವುದು ಮನೆಯವರ ಕೆಲಸ. ಆದರೆ ಅಜ್ಜಿಯ ಫೋನಿನಲ್ಲಿ ಆಡುವ ಮಗು ಕಂಪನಿಯ ಲೆಕ್ಕದಲ್ಲಿ ಮಗುವೇ ಅಲ್ಲ, ಅಜ್ಜಿ.

ಕಂಪನಿಯೇ ಕೂರಿಸಿಕೊಟ್ಟ ಕೆಲವು ಆ್ಯಪ್‌ಗಳಿಗೆ ‘ಅನ್‌ಇನ್‌ಸ್ಟಾಲ್’ ಇರುವುದಿಲ್ಲ. ಅವುಗಳಿಗೆ ‘ಡಿಸೇಬಲ್’ ಒತ್ತಿದರೆ ಸಾಕು, ನಿದ್ದೆ ಹೋಗುತ್ತವೆ.

ಹಂತ 4: ಪರ್ಮಿಷನ್

ಮೊದಲು ಎಲ್ಲ ಆ್ಯಪ್‌ಗೂ ಲೊಕೇಶನ್ ಕಿತ್ತೆ. ಮಾರನೆಯ ದಿನ ಕೆ.ಆರ್. ಆಸ್ಪತ್ರೆಯಿಂದ ಮನೆಗೆ ಆಟೊ ಬುಕ್ ಮಾಡಲು ಹೋದರೆ, ಹತ್ತುವ ಜಾಗ ಇನ್ನೆಲ್ಲೋ ತೋರಿಸಿತು. ಬಿಸಿಲಿನಲ್ಲಿ ಮಂಡಿನೋವಿನವರನ್ನು ನಿಲ್ಲಿಸುವುದು ಯಾವ ಗೌಪ್ಯತೆಯೂ ಅಲ್ಲ. ಆಮೇಲೆ ಹೀಗೆ ಇಟ್ಟೆ: ಆಟೊ ಮತ್ತು ಮ್ಯಾಪ್‌ಗೆ ‘ಬಳಸುವಾಗ ಮಾತ್ರ’, ಹವಾಮಾನಕ್ಕೆ ‘ಅಂದಾಜು ಜಾಗ’. ಈ ಅಂದಾಜಿನ ಆಯ್ಕೆ ಆಂಡ್ರಾಯ್ಡ್ 12ರಿಂದ ಬಂದಿದೆ. ಉಳಿದವಕ್ಕೆ ಬೇಡ. ಲೊಕೇಶನ್ ಸೇವೆಗಳ ಒಳಗಿದ್ದ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎರಡನ್ನೂ ಆಫ್ ಮಾಡಿದೆ. ವೈಫೈ ಆಫ್ ಇದ್ದರೂ ಸುತ್ತಲಿನ ವೈಫೈ ನೋಡಿ ಜಾಗ ಗುರುತಿಸಲು ಆ್ಯಪ್‌ಗಳಿಗೆ ನೆರವಾಗುವ ಸ್ವಿಚ್‌ಗಳು ಅವು.

‘ಬೇರೆ ಆ್ಯಪ್ ಮೇಲೆ ಕಾಣಿಸಿಕೊಳ್ಳುವ’ ವಿಶೇಷ ಪರ್ಮಿಷನ್ ಪಟ್ಟಿಯನ್ನೂ ನೋಡಿ. ಕರೆ ಮುಗಿದೊಡನೆ ಇಡೀ ಪರದೆ ತುಂಬುತ್ತಿದ್ದ ಜಾಹೀರಾತಿನ ಮೂಲ ಅಲ್ಲೇ ಸಿಕ್ಕಿತು.

ಹಂತ 5: ಜಾಹೀರಾತು ಐಡಿ

ಎರಡು ನಿಮಿಷದ ಕೆಲಸ. ಫೋನಿಗೊಂದು ಜಾಹೀರಾತು ಗುರುತಿನ ಸಂಖ್ಯೆ ಇರುತ್ತದೆ. ಈ ಆ್ಯಪ್‌ನಲ್ಲಿ ಎಣ್ಣೆ ನೋಡಿದವರು, ಆ ಆ್ಯಪ್‌ನಲ್ಲಿ ಸಾಲ ನೋಡಿದವರು ಒಬ್ಬರೇ ಎಂದು ಬೇರೆ ಬೇರೆ ಕಂಪನಿಗಳು ಹೊಂದಿಸಿಕೊಳ್ಳುವುದು ಇದರಿಂದ. ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್, ‘ಡಿಲೀಟ್ ಅಡ್ವರ್ಟೈಸಿಂಗ್ ಐಡಿ’. ಅಳಿಸಿದ ಮೇಲೆ ಕೇಳಿದ ಆ್ಯಪ್‌ಗೆ ಸಿಗುವುದು ಬರೀ ಸೊನ್ನೆಗಳ ಸಾಲು. ‘ರೀಸೆಟ್’ ಒತ್ತಬೇಡಿ, ಅದು ಹಳೆಯದರ ಬದಲು ಹೊಸ ಐಡಿ ಕೊಡುತ್ತದೆ.

ಐಫೋನ್ ಇರುವವರಿಗೆ: ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ‘ಟ್ರ್ಯಾಕಿಂಗ್’ ಇದೆ. 2021ರ ಏಪ್ರಿಲ್‌ನಲ್ಲಿ ಬಂದ ಐಒಎಸ್ 14.5ರಿಂದ ಆ್ಯಪ್‌ಗಳು ಕೇಳಿಯೇ ಟ್ರ್ಯಾಕ್ ಮಾಡಬೇಕು. ಅಲ್ಲಿನ ಮೇಲಿನ ಸ್ವಿಚ್ ಆಫ್ ಮಾಡಿದರೆ ಕೇಳುವುದೂ ನಿಲ್ಲುತ್ತದೆ.

ಹಂತ 6: ಗೂಗಲ್ ಖಾತೆ

ದೊಡ್ಡವ್ವನ ಮುಖ್ಯ ಅನುಮಾನ ಮೊದಲಿನಿಂದಲೂ ಒಂದೇ. “ನಾವ್ ಮಾತಾಡದ್ನ ಇದು ಕೇಳಿಸ್ಕತದೆ ಕನ ಮಗಾ. ಮಂಡಿ ನೋವು ಅಂದಿದ್ದೇ ತಡ, ಎಣ್ಣೆ ತೋರುಸ್ತು.” ಇದನ್ನು ನಾನು ತಳ್ಳಿಹಾಕಲಿಲ್ಲ, ನೋಡೋಣ ಎಂದೆ. ಪ್ರೈವಸಿ ಡ್ಯಾಶ್‌ಬೋರ್ಡ್‌ನಲ್ಲಿ ಹಿಂದಿನ 24 ಗಂಟೆಯಲ್ಲಿ ಮೈಕ್ ಬಳಸಿದ ಆ್ಯಪ್‌ಗಳ ಪಟ್ಟಿ ಸಮಯದ ಸಮೇತ ಇರುತ್ತದೆ. ಅಲ್ಲಿದ್ದದ್ದು ಫೋನ್ ಕರೆ, ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್. ಕದ್ದು ಕೇಳಿದ ಗುರುತು ಇಲ್ಲ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17,000ಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿದಾಗಲೂ ಗುಟ್ಟಾಗಿ ಮಾತು ರೆಕಾರ್ಡ್ ಮಾಡಿ ಕಳಿಸುವ ಆ್ಯಪ್ ಸಿಗಲಿಲ್ಲ. ಪರದೆಯನ್ನೇ ರೆಕಾರ್ಡ್ ಮಾಡಿ ಕಳಿಸುವವು ಮಾತ್ರ ಸಿಕ್ಕವು.

ಹಾಗಾದರೆ ಎಣ್ಣೆ ಎಲ್ಲಿಂದ ಬಂತು? ಗೂಗಲ್‌ನ ‘ಮೈ ಆ್ಯಕ್ಟಿವಿಟಿ’ ಪುಟ ತೆರೆದಾಗ ಉತ್ತರ ಸಿಕ್ಕಿತು. ದೊಡ್ಡವ್ವ ಟೈಪ್ ಮಾಡುವುದಿಲ್ಲ. ಹುಡುಕುವ ಜಾಗದ ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ. ಮಂಡಿ ಊತಕ್ಕೆ ಮನೆಮದ್ದು, ಮೆಟ್ಟಿಲು ಹತ್ತಲು ಆಗದಿದ್ದರೆ ಏನು ಮಾಡಬೇಕು, ಸೊಸೈಟಿ ಸಾಲದ ಬಡ್ಡಿ. ಒಂದೊಂದೂ ದಿನಾಂಕ, ಸಮಯ ಸಮೇತ ಅಲ್ಲಿತ್ತು. ಫೋನು ಕದ್ದು ಕೇಳಿರಲಿಲ್ಲ, ಅವರು ನಂಬಿ ಕೇಳಿದ್ದನ್ನು ಬರೆದಿಟ್ಟುಕೊಂಡಿತ್ತು. ಓದಲು ಬರೆಯಲು ಕಷ್ಟವಿರುವ ಎಷ್ಟೋ ಜನಕ್ಕೆ ಆ ಮೈಕ್ ಒಂದೇ ದಾರಿ. ಅದನ್ನು ಬಳಸಬೇಡಿ ಎನ್ನಲು ನನಗೆ ಮನಸ್ಸಿಲ್ಲ. ಅವರು ಕೇಳಿದ್ದು ಉಳಿಯದ ಹಾಗೆ ಮಾಡುವುದೇ ಸರಿ ಎನಿಸಿತು.

ಮಾಡಿದ್ದು: ‘ವೆಬ್ ಆ್ಯಂಡ್ ಆ್ಯಪ್ ಆ್ಯಕ್ಟಿವಿಟಿ’ ಆಫ್ ಮಾಡಿ ಹಳೆಯದೆಲ್ಲ ಅಳಿಸಿದೆ. ಧ್ವನಿ ಉಳಿಸಿಕೊಳ್ಳುವ ಚೌಕ ಬೇರೆಯೇ ಇದೆ, ಅದರ ಟಿಕ್ಕೂ ತೆಗೆದೆ. ಹೋದ ಜಾಗಗಳನ್ನು ಬರೆದಿಡುವ ‘ಟೈಮ್‌ಲೈನ್’ ಆಫ್. ‘ಮೈ ಆ್ಯಡ್ ಸೆಂಟರ್’ ಪುಟದಲ್ಲಿ ‘ಪರ್ಸನಲೈಸ್ಡ್ ಆ್ಯಡ್ಸ್’ ಆಫ್. ಆಫ್ ಮಾಡುವ ಮುಂಚೆ ಆ ಪುಟವನ್ನು ಒಮ್ಮೆ ಓದಿ. ಮದುವೆಯಾಗಿದೆಯೇ, ಮನೆ ಸ್ವಂತದ್ದೇ, ಮಕ್ಕಳ ವಯಸ್ಸೆಷ್ಟು ಎಂದೆಲ್ಲ ನಿಮ್ಮ ಬಗ್ಗೆ ಗೂಗಲ್ ಮಾಡಿದ ಊಹೆಗಳು ಅಲ್ಲಿರುತ್ತವೆ. ದೊಡ್ಡವ್ವನ ಖಾತೆಯ ಊಹೆಗಳಲ್ಲಿ ಮೊಮ್ಮಗನ ಆಟ, ಮಗನ ಪಹಣಿ ಎಲ್ಲ ಕಲಸಿಹೋಗಿತ್ತು.

ಯೂಟ್ಯೂಬ್ ಹಿಸ್ಟರಿಯನ್ನೂ ಪೂರ್ತಿ ಆಫ್ ಮಾಡಿ ಹಳೆಯದನ್ನು ಅಳಿಸಿದ್ದು ಕೆಲಸಕ್ಕೆ ಬರಲಿಲ್ಲ. ಹಿಸ್ಟರಿ ಇಲ್ಲದಿದ್ದರೆ ಯೂಟ್ಯೂಬ್ ತನ್ನ ಮೊದಲ ಪುಟವನ್ನು ಖಾಲಿ ಬಿಡುತ್ತದೆ. ದಿನಾ ಬೆಳಗ್ಗೆ ಮಾದಪ್ಪನ ಪದ ಕೇಳುವವರಿಗೆ ಪರದೆ ತೆರೆದರೆ ಏನೂ ಇಲ್ಲ. “ಎಲ್ಲನೂ ಕಳದ್ಬುಟ್ಟಾ?” ಎಂದು ಗಾಬರಿಯಾದರು. ಹಿಸ್ಟರಿ ಮತ್ತೆ ಆನ್ ಮಾಡಿ, 3 ತಿಂಗಳಿಗೆ ತಾನೇ ಅಳಿಯುವ ಹಾಗೆ ಇಟ್ಟೆ. ಅವರು ಕೇಳುವ ಕಂಸಾಳೆಯವರ ಚಾನೆಲ್‌ಗಳಿಗೆ ಸಬ್‌ಸ್ಕ್ರೈಬ್ ಮಾಡಿಕೊಟ್ಟೆ. 18, 36 ತಿಂಗಳ ಆಯ್ಕೆಯೂ ಇದೆ, 3 ಅತಿ ಕಡಿಮೆ.

ದುಡ್ಡು ಕೊಟ್ಟು ಯೂಟ್ಯೂಬ್ ಪ್ರೀಮಿಯಂ ತೆಗೆದುಕೊಂಡರೆ ಸಾಲದೇ ಎಂದು ತಮ್ಮ ಕೇಳಿದ. 2024ರ ಆಗಸ್ಟಿನಲ್ಲಿ ಒಬ್ಬರ ಪ್ಲಾನ್ ತಿಂಗಳಿಗೆ 149 ರೂಪಾಯಿ ಆಯಿತು. ಅದರಿಂದ ಜಾಹೀರಾತು ಹೋಗುತ್ತದೆ, ನೋಡಿದ್ದನ್ನು ಬರೆದಿಟ್ಟುಕೊಳ್ಳುವುದು ಹೋಗುವುದಿಲ್ಲ. ಎರಡೂ ಬೇರೆ ಬೇರೆ.

ಫೇಸ್‌ಬುಕ್: ಅಕೌಂಟ್ಸ್ ಸೆಂಟರ್ ಒಳಗೆ, ಬೇರೆ ತಾಣ ಮತ್ತು ಅಂಗಡಿಗಳು ನಮ್ಮ ಬಗ್ಗೆ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾಗೆ ಕಳಿಸಿದ ಚಟುವಟಿಕೆಯ ಪಟ್ಟಿ ಇದೆ. ಅದನ್ನು ಅಳಿಸಿ, ಮುಂದೆ ಬರುವುದನ್ನೂ ಖಾತೆಯಿಂದ ಬೇರ್ಪಡಿಸಿದೆ. ಆ್ಯಪ್ ತೆಗೆದು ಬ್ರೌಸರಿನಲ್ಲಿ ನೋಡುವ ಅಭ್ಯಾಸ ಮಾಡಿಸಿದೆ.

ಹಂತ 7: ಫೋನ್ ಕಂಪನಿಯ ಜಾಹೀರಾತು

ಬೀಗದ ಪರದೆಯ ಮೇಲೆ ಚಿತ್ರ ಬದಲಾಗುತ್ತಾ ಬರುತ್ತಿದ್ದ ಜಾಹೀರಾತು, ಫೋಲ್ಡರ್ ತೆರೆದರೆ ಕೆಳಗೆ ಕಾಣುವ ‘ನಿಮಗಾಗಿ’ ಆ್ಯಪ್‌ಗಳು, ಫೈಲ್ ಮ್ಯಾನೇಜರಿನ ಒಳಗಿನ ಜಾಹೀರಾತು: ಇವು ಗೂಗಲ್ ಸೆಟ್ಟಿಂಗ್‌ಗೆ ಬಗ್ಗುವುದಿಲ್ಲ. ಸೆಟ್ಟಿಂಗ್ಸ್‌ನ ಮೇಲಿನ ಹುಡುಕುವ ಪಟ್ಟಿಯಲ್ಲಿ ‘ರೆಕಮೆಂಡೇಶನ್’, ‘ಆ್ಯಡ್ಸ್’, ‘ಕಸ್ಟಮೈಸೇಶನ್’ ಎಂದು ಒಂದೊಂದೇ ಪದ ಕೊಟ್ಟು ಹುಡುಕಿ, ಸಿಕ್ಕಿದ್ದೆಲ್ಲ ಆಫ್ ಮಾಡಿದೆ. ಆಮೇಲೆ ಕಂಪನಿಯ ಒಂದೊಂದು ಆ್ಯಪ್‌ನ ಒಳಗೂ ಹೋಗಬೇಕಾಯಿತು. ತಾಳ್ಮೆ ಬೇಡುವ ಕೆಲಸ. ಸಿಸ್ಟಮ್ ಜಾಹೀರಾತಿನ ಒಪ್ಪಿಗೆ ಹಿಂಪಡೆಯುವ ಸ್ವಿಚ್ ಒತ್ತಿದಾಗ ಮೊದಮೊದಲು ‘ಆಗಲಿಲ್ಲ’ ಎಂಬ ಸಂದೇಶ ಬಂತು. ಬಿಡದೆ ಒತ್ತಿದ ಮೇಲೆ ತೆಗೆದುಕೊಂಡಿತು.

ಹಂತ 8: ಬ್ರೌಸರ್

ಕ್ರೋಮ್‌ನ ನೋಟಿಫಿಕೇಷನ್ ಪಟ್ಟಿಯಲ್ಲಿ ಯಾವ ಯಾವುದೋ ತಾಣಗಳಿಗೆ ‘ಅಲೋ’ ಆಗಿತ್ತು. ಫೋನಿಗೆ ವೈರಸ್ ಬಂದಿದೆ ಎಂದು ಹೆದರಿಸುವ ಸಂದೇಶಗಳು ಬರುತ್ತಿದ್ದದ್ದು ಅಲ್ಲಿಂದ. ಎಲ್ಲವನ್ನೂ ತೆಗೆದು, ಇನ್ನು ಮುಂದೆ ಯಾವ ತಾಣವೂ ಕೇಳದ ಹಾಗೆ ಮಾಡಿದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಪುಟ್ಟ ಸಲಕರಣೆ) ಹಾಕಲು ಆಗುವುದಿಲ್ಲ. ಫೈರ್‌ಫಾಕ್ಸ್‌ನಲ್ಲಿ ಆಗುತ್ತದೆ. ಫೈರ್‌ಫಾಕ್ಸ್ ಹಾಕಿ, ಯುಬ್ಲಾಕ್ ಒರಿಜಿನ್ ಎಂಬ ಅಂಥ ಎಕ್ಸ್‌ಟೆನ್ಶನ್ ಸೇರಿಸಿ, ಅದನ್ನೇ ಡಿಫಾಲ್ಟ್ ಮಾಡಿದೆ.

ಹಂತ 9: ಮತ್ತೆ ಡಿಎನ್‌ಎಸ್

ಈಗ ಹಾಕಲು ಅರ್ಥವಿದೆ. ಬರೆಯಬೇಕಾದ ಹೆಸರು ಹೀಗೆ: ಡಿಎನ್‌ಎಸ್, ಚುಕ್ಕಿ, ಆ್ಯಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕಿ, ಕಾಮ್. ನಡುವೆ ಜಾಗ ಬಿಡಬಾರದು, ಮುಂದೆ ಬೇರೇನೂ ಸೇರಿಸಬಾರದು.

ಕಂಡ ತೊಡಕುಗಳು. ಕ್ರೋಮ್‌ನ ‘ಸೆಕ್ಯೂರ್ ಡಿಎನ್‌ಎಸ್’ನಲ್ಲಿ ಯಾರೋ ಬೇರೆ ಸರ್ವರ್ ಆರಿಸಿಟ್ಟಿದ್ದರಿಂದ ಅಲ್ಲಿ ಮಾತ್ರ ಜಾಹೀರಾತು ಬರುತ್ತಲೇ ಇತ್ತು, ಅದನ್ನು ಬದಲಿಸಿದ ಮೇಲೆ ಸರಿಹೋಯಿತು. ಗೂಗಲ್ ಹುಡುಕಾಟದ ಮೇಲ್ಗಡೆ ಬರುವ ‘ಸ್ಪಾನ್ಸರ್ಡ್’ ಕೊಂಡಿಗಳು ತೆರೆಯುವುದಿಲ್ಲ, ಕೆಳಗಿನವನ್ನು ಒತ್ತಬೇಕು. ಲಾಡ್ಜು, ಆಸ್ಪತ್ರೆಗಳ ವೈಫೈಗೆ ಲಾಗಿನ್ ಪುಟ ಬಾರದೆ ನೆಟ್ಟೇ ಹತ್ತದಿದ್ದರೆ ಪ್ರೈವೇಟ್ ಡಿಎನ್‌ಎಸ್ ಅನ್ನು ತಾತ್ಕಾಲಿಕವಾಗಿ ‘ಆಟೊಮ್ಯಾಟಿಕ್’ಗೆ ತರಬೇಕು. ದೊಡ್ಡವ್ವನ ಮಗನಿಗೆ ಇದನ್ನು ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ. ಇನ್ನೊಂದು ಮಾತು: ಡಿಎನ್‌ಎಸ್ ನಡೆಸುವವರಿಗೆ ನಾವು ಯಾವ ತಾಣಕ್ಕೆ ಹೋಗುತ್ತೇವೆಂಬುದು ಕಾಣುತ್ತದೆ. ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಿದ್ದೇವೆ ಎಂಬುದು ಗೊತ್ತಿದ್ದು ಹಾಕಬೇಕು.

ನಿಲ್ಲದೆ ಉಳಿದದ್ದು

ಜಾಹೀರಾತಿನ ಸಂಖ್ಯೆ ಯೂಟ್ಯೂಬಿನಲ್ಲಿ ಕಡಿಮೆಯಾಗಿಲ್ಲ. ಈಗ ಸೋಪು, ಸಿಮೆಂಟು, ಚಿನ್ನದಂಗಡಿ ಬರುತ್ತವೆ. ನೋವನ್ನು ಹಿಡಿದು ಕಾಡುವ ಎಣ್ಣೆ ಹೋಗಿದೆ. ನನಗೆ ಬೇಕಿದ್ದದ್ದು ಅಷ್ಟೇ.

ಮೊಬೈಲ್ ನಂಬರಿನ ದಾರಿ ಇನ್ನೂ ತೆರೆದಿದೆ. ಐಡಿ ಅಳಿಸಬಹುದು, ನಂಬರ್ ಅಳಿಸಲಾಗದು. ಅಂಗಡಿಗಳು ಗ್ರಾಹಕರ ನಂಬರಿನ ಪಟ್ಟಿಯನ್ನು ಜಾಹೀರಾತು ವೇದಿಕೆಗೆ ಸಂಕೇತ ರೂಪದಲ್ಲಿ ಏರಿಸಿ, ಆ ಜನಕ್ಕೇ ಜಾಹೀರಾತು ತೋರಿಸಿ ಎನ್ನಬಹುದು. ದೇವರಾಜ ಅರಸು ರಸ್ತೆಯಲ್ಲಿ ಸೀರೆ ಕೊಂಡಾಗ ಬಿಲ್ಲಿಗೆ ನಂಬರ್ ಕೇಳಿದರು. ದೊಡ್ಡವ್ವ ನನ್ನ ಮುಖ ನೋಡಿ, “ಬ್ಯಾಡ ಬುಡಪ್ಪ, ಬಿಲ್ ಬರ್ಕೊಡು ಸಾಕು” ಎಂದರು. ಕೊಡಲೇಬೇಕೆಂದಿಲ್ಲ. ನಂಬರ್ ಕೊಡದಿದ್ದರೆ ಸೇವೆ ಇಲ್ಲ ಎನ್ನಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಯವರಿಗೆ ಸೂಚಿಸಿದೆ.

ಪ್ರಚಾರದ ಎಸ್‌ಎಂಎಸ್ ತಡೆಯಲು: ‘ಸ್ಟಾರ್ಟ್ 0’ ಎಂದು ಇಂಗ್ಲಿಷಿನಲ್ಲಿ ಬರೆದು 1909ಕ್ಕೆ ಕಳಿಸಿದೆ. ಕಳಿಸಿದವರ ಹೆಸರಿನ ಕೊನೆಗೆ ‘ಪಿ’ ಎಂಬ ಇಂಗ್ಲಿಷ್ ಅಕ್ಷರವಿದ್ದರೆ ಅದು ಪ್ರಚಾರದ ಸಂದೇಶ, ‘ಟಿ’ ಇದ್ದರೆ ವಹಿವಾಟಿನದು, ‘ಜಿ’ ಇದ್ದರೆ ಸರ್ಕಾರದ್ದು. ಇದನ್ನು ದೊಡ್ಡವ್ವ ಬೇಗ ಕಲಿತರು.

ಈಚೆಗೆ ಫೋನಿನ ಸಿಸ್ಟಮ್ ಅಪ್‌ಡೇಟ್ ಬಂತು. ಬೀಗದ ಪರದೆಯ ಜಾಹೀರಾತು ಮತ್ತೆ ಆನ್ ಆಗಿತ್ತು, ಡಿಸೇಬಲ್ ಮಾಡಿದ್ದ ಒಂದು ಆ್ಯಪ್ ಎದ್ದು ಕೂತಿತ್ತು. ಜಾಹೀರಾತು ಐಡಿ, ಡಿಎನ್‌ಎಸ್, ಖಾತೆಯ ಸೆಟ್ಟಿಂಗ್ ಹಾಗೇ ಇದ್ದವು. ಆದ್ದರಿಂದ ಅಪ್‌ಡೇಟ್ ಆದಾಗೆಲ್ಲ 7ನೇ ಹಂತವನ್ನು ಮತ್ತೊಮ್ಮೆ ಮಾಡಬೇಕು ಎಂದು ನೋಟ್‌ಬುಕ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಆ ಹಾಳೆಯ ನಕಲನ್ನು ಮಂಡ್ಯಕ್ಕೆ ಕಳಿಸಿಕೊಟ್ಟೆ.